ಕಿಟಕಿ ಪಕ್ಕದ ಮಂಚ

ಕರೆಂಟು ಮೀಟರಿನ ಗಾಜಿನ ಹಿಂದೆ ತಿರುಗುವ ಬಿಲ್ಲೆಗೆ ಒಂದು ಕೆಂಪು ಗೆರೆ ಇತ್ತು. ಹಲ್ಲುಜ್ಜುವಾಗ ರಘೋತ್ತಮ ವರಾಂಡದಲ್ಲಿ ಅದರ ಎದುರಿಗೇ ನಿಲ್ಲುವುದು ಈ ಒಂದು ವರ್ಷದ ರೂಢಿ. ಗೆರೆ ಎಡಗಡೆಯಿಂದ ಬರುತ್ತಿತ್ತು, ಒಂದು ಕ್ಷಣ ಅವನ ಮುಖಕ್ಕೆ ಮುಖ ಕೊಡುತ್ತಿತ್ತು, ಬಲಕ್ಕೆ ಸರಿದು ಒಳಗೆ ಹೋಗುತ್ತಿತ್ತು. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಎಡಗಡೆ ಹಾಜರು. ಮನೆಯಿಂದ ಹೊರಟವನು ಏನೋ ಮರೆತು, ಮತ್ತೆ ಬಂದು, ಮತ್ತೆ ಮರೆತು ಹೋಗುವ ಹಾಗೆ. ಅವನು ಏನೇನು ಬಂದ್ ಮಾಡಿ ನೋಡಲಿಲ್ಲ! ಬಟ್ಟೆ ಇಸ್ತ್ರಿಗೆ ಮೂಲೆಯ ಇದ್ದಿಲಿನ ಗಾಡಿಗೆ ಹೋಗುತ್ತಿತ್ತು. ಚಟ್ನಿ ಒರಳಿಗೆ ಹೋಗಿತ್ತು. ಸಂಜೆ ಪಡಸಾಲೆಯ ದೀಪ ಆರಿಸಿ ಅವನು, ತಾಯಿ, ಹೆಂಡತಿ ಮೂರೂ ಜನ ಮೆಟ್ಟಿಲ ಮೇಲೆ ಕೂತರೆ, ಕೆಳಗಿನ ಮನೆಯ ಕ್ರಿಸ್ತಾಂವ ಮುದುಕಿ ಇವರ ಮನೆಯಲ್ಲಿ ಇವತ್ತೇ ಯಾರೋ ತೀರಿಕೊಂಡರೇನೋ ಎನ್ನುವ ಹಾಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಇಷ್ಟಾದರೂ ಗೆರೆಯ ಓಟ ತಗ್ಗಿರಲಿಲ್ಲ. ಗೋವಾದ ಬಂದರಿನ ಅದಿರಿನ ಕೆಂಪು ಧೂಳು ಮೀಟರಿನ ತಲೆಯ ಮೇಲೆ ಕೂತಿತ್ತು. ಅವನು ಬೆರಳಿನಿಂದ ಒರೆಸಿದ. ಇವತ್ತು ರವಿವಾರ, ಆಫೀಸಿಗೆ ಓಡುವ ನೆವವಿರಲಿಲ್ಲ.

"ರಘೂ, ಲಗೂನ ಬಾಯಿ ತೊಳಕೊಂಡು ಅಂಗಿ ಹಾಕ್ಕೋ," ಒಳಗಿನಿಂದ ತಾಯಿ ಪರಮೇಶ್ವರಿಬಾಯಿಯ ದನಿ ಬಂತು. "ಹತ್ತಕ್ಕ ಕಾಸೀಮಸಾಬ್ ಬರ್ತಾನ."

"ಯಾವ ಕಾಸೀಮಸಾಬ್?" ಯಾವನೆಂದು ಅವನಿಗೆ ಗೊತ್ತಿತ್ತು. ಹೆಸರು ಕಿವಿಗೆ ಬಿದ್ದದ್ದೇ ಪೇಸ್ಟಿನ ನೊರೆ ಗಂಟಲಿಗೆ ಇಳಿದಿತ್ತು.

"ಎಷ್ಟ ಮಂದಿ ಇದ್ದಾರೋ ಮಾರಾಯಾ? ಮಂಗೋರ್ ಹಿಲ್ಲಿನವ, ಕರೆಂಟಿನ ಕೆಲಸದವ. ನಮ್ಮ ಬಿಂದ್ಯಾನ ಸೈಕಲ್ ತಂದು ಕೊಟ್ಟವ. ನಿನ್ನೆ ಬೈನಾ ಬಜಾರದಾಗ ಬದನಿಕಾಯಿ ಆರಸ್ಲಿಕ್ಕೆ ಹತ್ತಿದ್ದೆ, ಎದುರಿಗೆ ಬಂದ. ಮೀನಿನ ಪೆಟಗಿ ಕರೆಂಟು ಭಾಳ ತಿನ್ಲಿಕ್ಕೆ ಹತ್ಯದಪ್ಪಾ, ನನ್ನ ಮಗ ಬಿಲ್ಲು ನೋಡಿ ನೋಡಿ ಸೊರಗ್ಯಾನ, ಒಮ್ಮೆ ಬಂದು ನೋಡು ಅಂದೆ. ಬರ್ತೇನ್ರಿ ಅವ್ವಾರ ಅಂದ."

ವರ್ಷದಿಂದ ರಘೋತ್ತಮ ಮಂಗೋರ್ ಹಿಲ್ಲಿನ ದಾರಿ ತುಳಿದಿರಲಿಲ್ಲ. ಆಫೀಸಿಗೆ ಆ ಏರು ದಾಟಿದರೆ ಹತ್ತು ನಿಮಿಷ. ಅವನು ಸುತ್ತು ಹಾಕುವ ಬಸ್ಸು ಹಿಡಿದು ಅರ್ಧ ತಾಸು ನಿಂತುಕೊಂಡೇ ಹೋಗುತ್ತಿದ್ದ. ಏರಿನ ತಿರುವಿನಲ್ಲಿ ಕಾಸೀಮಸಾಬನ ಅಂಗಡಿ. ಹೋದ ವರ್ಷ ಜೂನಿನ ಮೊದಲ ವಾರ ತಮ್ಮ ಬಿಂದುಮಾಧವ ಆ ಅಂಗಡಿಯ ಗೋಡೆಗೆ ಸೈಕಲ್ ಆನಿಸಿ, ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು ಬೈನಾ ದಂಡೆಗೆ ಇಳಿದು, ದಂಡೆಯ ಆಚೆಯ ಕರಿಬಂಡೆಗಳ ಕಡೆ ನಡೆದಿದ್ದ. ಅವತ್ತು ಸಮುದ್ರ ಆಗಲೇ ಮಳೆಗಾಲದ ಬಣ್ಣಕ್ಕೆ ತಿರುಗಿತ್ತು. ಬಂಡೆಯ ಮೇಲೆ ಚಪ್ಪಲಿ ಸಿಕ್ಕವು, ಟಾವೆಲ್ ಸಿಕ್ಕಿತು. ನಾಲ್ಕು ದಿನ ದೋಣಿಯವರು ಹುಡುಕಿದರು. ಐದನೆಯ ದಿನ ಕಾಸೀಮಸಾಬ ಸೈಕಲ್ ನೂಕಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ. ಏನೋ ಹೇಳಬೇಕು ಅನ್ನುವ ಹಾಗೆ ಬಾಯಿ ತೆರೆದ. ರಘೋತ್ತಮ ಆ ಬಾಯಿಯನ್ನು ನೋಡಿ, ಸೈಕಲ್ ಇಸಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಒಂದು ಲೋಟ ನೀರು ಬೇಕೇ ಎಂದು ಸಹ ಕೇಳಲಿಲ್ಲ.

ಆಚಾರ್ಯರನ್ನು ಕೇಳಿದಾಗ ಅವರು ಪಂಚಾಂಗ ಮುಚ್ಚಿ, ದೇಹ ಸಿಕ್ಕಿಲ್ಲ, ಸತ್ತದ್ದನ್ನು ಕಂಡವರಿಲ್ಲ, ಹನ್ನೆರಡು ವರ್ಷ ಕಾಯಬೇಕು, ಅಲ್ಲಿಯವರೆಗೆ ಕ್ರಿಯೆ ಇಲ್ಲ, ಪಿಂಡ ಇಲ್ಲ ಎಂದಿದ್ದರು. ತಾಯಿ ತಲೆಯಾಡಿಸಿ ಕೇಳಿಸಿಕೊಂಡಳು. ಮನೆಗೆ ಬಂದವಳು ಪೂರ್ವದ ಕಿಟಕಿಯ ಪಕ್ಕದಲ್ಲಿದ್ದ ಬಿಂದುವಿನ ಮಂಚದ ಹಾಸಿಗೆ ಝಾಡಿಸಿ, ಒಗೆದ ಚಾದರ ಹಾಸಿದಳು. ಅವತ್ತಿನಿಂದ ಪ್ರತಿ ಶುಕ್ರವಾರ ಚಾದರ ಬದಲಾಗುತ್ತಿತ್ತು. ಮಲಗಿದವರಿಲ್ಲದ ಚಾದರ ಒಂದು ವಾರದಲ್ಲಿ ಏನು ಕೊಳೆಯಾಗುತ್ತದೆ ಎಂದು ಹೆಂಡತಿ ಸುಹಾಸಿನಿ ಕೇಳಲಿಲ್ಲ, ಒಗೆದು ಹಾಕುತ್ತಿದ್ದಳು. ಊರಿಂದ ಬಂದ ನೆಂಟರೂ ಆ ಮಂಚದ ಮೇಲೆ ಕೂತವರಿಲ್ಲ.

ಮಂಚದ ಎದುರಿನ ಗೋಡೆಗೆ, ಬೆಳಕು ಬಾರದ ಮೂಲೆಯಲ್ಲಿ, ಕಬ್ಬಿಣದ ಕಾಲುಗಳ ಮೇಲೆ ಬಿಂದುವಿನ ಗಾಜಿನ ಪೆಟ್ಟಿಗೆ ಇತ್ತು. ಮೂರು ಅಡಿ ಉದ್ದದ ಸಮುದ್ರ. ಅದಿರು ಸಾಗಿಸುವ ಬಾರ್ಜಿನ ಮೇಲೆ ಲೆಕ್ಕ ಬರೆಯುವ ಕೆಲಸ ಅವನದು. ಮಳೆಗಾಲದಲ್ಲಿ ಬಾರ್ಜು ನಿಂತರೆ ಸಂಬಳವೂ ನಿಲ್ಲುತ್ತಿತ್ತು. ಇಳಿತದ ಹೊತ್ತಿಗೆ ಬಂಡೆಗಳ ಸಂದಿಯಲ್ಲಿ ಕೈಯಾಡಿಸಿ ಅವನು ತಂದ ಜೀವಗಳು ಒಂದೆರಡಲ್ಲ: ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಬಿಚ್ಚಿ ಮುಚ್ಚುವುದು, ಹಸಿರು ಗುಂಡಿಗಳನ್ನು ಹೊಲಿದಿಟ್ಟಂಥ ಹವಳ, ಶಂಖದೊಳಗೆ ಬಾಡಿಗೆಗಿದ್ದ ಏಡಿ, ಕಪ್ಪು ಪಟ್ಟೆಯ ಐದು ಮೀನು. ಭಟ್ಟರ ಮನೆಯಲ್ಲಿ ಮೀನು ಎಂದು ಓಣಿಯೆಲ್ಲ ನಕ್ಕಿತ್ತು. ಕೆಳಗಿನ ಮುದುಕಿ ಮೊದಲ ದಿನ ಬಂದು ಗಾಜಿಗೆ ಮೂಗು ಹಚ್ಚಿ ನೋಡಿ, ಇಷ್ಟು ಸಣ್ಣವನ್ನು ಹುರಿದರೆ ಮುಳ್ಳು ಬಿಟ್ಟು ಏನು ಉಳಿಯುತ್ತದೆ ಎಂದು ಖರೇನೇ ಮರುಗಿದ್ದಳು. ಆ ಹವಳಕ್ಕೆ ಬಿಸಿಲಿನಂಥ ಬೆಳಕು ಬೇಕು ಎಂದು ಬಿಂದು ಗುಜರಿಯಿಂದ ಬೀದಿ ದೀಪದ ದೊಡ್ಡ ಮರ್ಕ್ಯುರಿ ಬಲ್ಬು ತಂದು ಪೆಟ್ಟಿಗೆಯ ಮೇಲೆ ತೂಗುಹಾಕಿದ. ಅದರ ಕಾವಿಗೆ ನೀರು ಬೆಚ್ಚಗಾಗತೊಡಗಿತು. ಅದಕ್ಕೆಂದು ಅದೇ ಗುಜರಿಯಿಂದ ಒಂದು ಹಳೆಯ ಫ್ರಿಜ್ಜು ತಂದು, ಅದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ನಳಿಗೆಯನ್ನು ಸುರುಳಿ ಸುತ್ತಿಟ್ಟು, ನೀರನ್ನು ಅದರೊಳಗೆ ಹಾಯಿಸಿ ತಂಪು ಮಾಡಿದ. ನೀರು ತಳ್ಳಲು ಒಂದು ಪಂಪು, ಸೋಸಲು ಇನ್ನೊಂದು, ಗಾಳಿಗೆ ಮತ್ತೊಂದು. ಎಲ್ಲ ಸೇರಿ ಒಂದು ದನಿ ಹೊರಡುತ್ತಿತ್ತು, ಬಾಯಿ ಮುಚ್ಚಿಕೊಂಡು ಯಾರೋ ಹಾಡಿಕೊಳ್ಳುವಂಥ ದನಿ. ಬಿಂದುವಿಗೂ ಸ್ನಾನ ಮಾಡುವಾಗ ಹಾಗೆ ಹಾಡಿಕೊಳ್ಳುವ ಚಟವಿತ್ತು. ಅವನಿದ್ದಾಗ ರಘೋತ್ತಮನಿಗೆ ಆ ಎರಡು ದನಿಗಳ ನಡುವಿನ ಹೋಲಿಕೆ ಹೊಳೆದಿರಲಿಲ್ಲ.

ಬಿಂದು ಬಂಡೆಗಳ ಕಡೆ ಹೋದ ಆ ದಿನ ಬೆಳಿಗ್ಗೆ ಬಿಲ್ಲು ಬಂದಿತ್ತು. ಆಫೀಸಿನಲ್ಲಿ ಹಿಂದಿನ ದಿನವಷ್ಟೇ ಎಲ್ಲರೆದುರು ಮ್ಯಾನೇಜರ ಅವನ ಮುಂದೆ ಫೈಲು ಎಸೆದಿದ್ದ. ಆ ಸಿಟ್ಟು ಒಂದು ರಾತ್ರಿ ಹೊಟ್ಟೆಯೊಳಗೆ ಕಾದು, ಬೆಳಿಗ್ಗೆ ಮೀನಿಗೆ ಸಿಗಡಿಯ ಪುಡಿ ಹಾಕುತ್ತ ಕೂತಿದ್ದ ತಮ್ಮನ ಮೇಲೆ ಬಿತ್ತು. ಬಿಲ್ಲನ್ನು ಗಾಜಿಗೆ ಒತ್ತಿ ಹಿಡಿದು ಹೇಳಿದ್ದ: "ಈ ನಿನ್ನ ಸಮುದ್ರಾನ ಒಯ್ದು ಸಮುದ್ರಕ್ಕ ಚೆಲ್ಲು. ಅದರ ಹಿಂದ ನೀನೂ ಹೋಗು." ಒಳಗೆ ಸುಹಾಸಿನಿ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆಯ ಸದ್ದು ಆ ಮಾತಿಗೆ ನಿಂತಿತು, ಒಂದು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ಸುರುವಾಯಿತು. ತಾಯಿ ದೇವಸ್ಥಾನಕ್ಕೆ ಹೋಗಿದ್ದಳು. ಬಿಂದು ತಲೆ ಎತ್ತಲಿಲ್ಲ. ಬೆರಳಿಗಂಟಿದ ಪುಡಿಯನ್ನು ನೀರಿನಲ್ಲಿ ತೊಳೆದು, "ಸಮುದ್ರದಾಗಿನ ಜೀವಂತ ಕಲ್ಲು ನಾಕು ತಂದು ಹಾಕಿದ್ರ ನೀರು ತಾನಽ ಸ್ವಚ್ಛ ಆಗತದ ಅಣ್ಣಾ. ಒಂದು ಪಂಪು ತಗೀಬಹುದು. ಬಿಲ್ಲು ಇಳೀತದ," ಎಂದು, ಮೂಲೆಯ ಗೋಣಿಚೀಲ ಎತ್ತಿಕೊಂಡ. ರಘೋತ್ತಮ ಸ್ನಾನಕ್ಕೆ ಹೋದ. ತಿರುಗಿ ಬಂದಾಗ ಸೈಕಲ್ ಇರಲಿಲ್ಲ.

ಆ ಮಾತು ಕೇಳಿದ ಜೀವ ಮೂರೇ. ಒಂದು ಇಲ್ಲ. ಇನ್ನೊಂದು ವರ್ಷದಿಂದ ಚಪಾತಿ ಲಟ್ಟಿಸುತ್ತಿದೆ, ಒಂದು ದಿನ ಎತ್ತಿ ಆಡಿಲ್ಲ. ಅದನ್ನು ಆಡದೆಯೇ ಅವಳು ಅವನಿಗೆ ಬಡಿಸುತ್ತಾಳೆ, ಅವನ ಅಂಗಿಯ ಗುಂಡಿ ಹಚ್ಚುತ್ತಾಳೆ. ಮೂರನೆಯದು ತಾನೇ. ನಾಲ್ಕನೆಯದು ಕಾಸೀಮಸಾಬನಿರಬಹುದು. ಬಿಂದು ಎಂಥವ? ಕೆಲಸದ ಮಾತಿನ ನಡುವೆ ಮನೆಯ ಮಾತು ಸುರಿಯುವವ. ಅಂಗಡಿಯಲ್ಲಿ ಸೈಕಲ್ ಬಿಡುವಾಗ, ಅಣ್ಣ ಹೀಗಂದ ಚಾಚಾ ಎಂದು ಹೇಳದೆ ಹೋಗಿರುತ್ತಾನೆಯೇ? ಅದೇ ಮಾತು ಇವತ್ತು ಹತ್ತು ಗಂಟೆಗೆ, ತಾಯಿಯ ಎದುರಿಗೆ, ಟೆಸ್ಟರು ಸ್ಕ್ರೂಡ್ರೈವರಿನ ಜೊತೆ ಚೀಲದಿಂದ ಹೊರಗೆ ಬೀಳುತ್ತದೆ.

ಅದಕ್ಕಿಂತ ಮೊದಲು ಅವನು ಪೆಟ್ಟಿಗೆಯ ಮುಂದೆ ನಿಂತು ನೋಡಿದ. ನೀರು ಮತ್ತೆ ಹಾಲು ಬೆರೆಸಿದ ಹಾಗಾಗಿತ್ತು. ಐದು ಮೀನಿನಲ್ಲಿ ಮೂರು ಉಳಿದಿದ್ದವು. ಹವಳದ ಒಂದು ಮಗ್ಗುಲು ಬಿಳಿಚಿತ್ತು. ಬಿಲ್ಲು ಇಳಿಸಲೆಂದು ಅವನು ಫೆಬ್ರುವರಿಯಲ್ಲಿ ಸೋಸುವ ಪಂಪನ್ನು ಹಗಲು ಬಂದ್ ಮಾಡಿದ್ದ. ನೀರು ಕದಡಿತು. ಹೆದರಿ ಹಗಲೂ ರಾತ್ರಿ ಓಡಿಸಿದ. ಬಿಲ್ಲು ಏರಿತು. ಮರ್ಕ್ಯುರಿ ದೀಪ ಎರಡು ತಾಸು ಕಡಿಮೆ ಮಾಡಿದ, ಹವಳ ಬಿಳಿಚಿತು. ಒಂದು ಗುಂಡಿ ಒತ್ತಿದರೆ ಒಂದು ಜೀವ ಹೋಗುತ್ತಿತ್ತು. ಒಂದು ಮೀನು ಸತ್ತ ದಿನ ತಾಯಿ ಕಾಣದ ಹಾಗೆ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ, ಆಫೀಸಿನ ಹಿಂದಿನ ಜೆಟ್ಟಿಯಿಂದ ನೀರಿಗೆ ಹಾಕಿದ್ದ. ಹಾಕಿ ಎರಡು ಹೆಜ್ಜೆ ಬಂದವನು ತಿರುಗಿ ನೋಡಿದ್ದ. ಯಾಕೆ ತಿರುಗಿದೆ, ಏನು ತೇಲಿಬರುತ್ತದೆ ಎಂದುಕೊಂಡಿದ್ದೆ? ಜೆಟ್ಟಿಯ ಕಾವಲುಗಾರ ನಕ್ಕು, "ಕಿತೆಂ ಸಾಂಡ್ಲೆಂ, ಸಾಯಬಾ?" ಎಂದು ಕೇಳಿದ್ದ. ಏನು ಕಳೆದುಕೊಂಡಿರಿ ಸಾಹೇಬರೇ. ಏನೂ ಇಲ್ಲ ಎಂದು ಕೈ ಆಡಿಸುವಾಗ ಕೈಗೆ ಮೀನಿನ ವಾಸನೆ ಇತ್ತು. ಅವತ್ತು ಮಧ್ಯಾಹ್ನ ಅವನು ಚಮಚದಲ್ಲಿ ಉಂಡ.

ಹತ್ತಕ್ಕೆ ಐದು ನಿಮಿಷವಿರುವಾಗಲೇ ಮೆಟ್ಟಿಲ ಕೆಳಗಿನಿಂದ ಮಾತು ಸುರುವಾಯಿತು. ಕಾಸೀಮಸಾಬ ಮನೆಯೊಳಗೆ ಬರುವ ಮೊದಲು ಅವನ ಮಾತು ಬರುತ್ತಿತ್ತು. "ಏನ್ರಿ ರಾಯರ, ಮೆಟ್ಟಲಾ ಎಷ್ಟ ಎತ್ತರ ಕಟ್ಟ್ಯಾರ್ರಿ! ವಿಜಾಪುರದ ಗೋಲಗುಮ್ಮಟ ಏರಿದಂಗಾತು. ಅವ್ವಾರ, ಆರಾಮದೀರಿ? ಮಳಿ ಈ ಸಲ ಲಗೂನ ಬರಾಕತ್ತೇತ್ರಿ, ಮಣಕಾಲ ನೂಸಾಕತ್ತಾವ." ಐವತ್ತು ದಾಟಿದ ಮನುಷ್ಯ, ಗಡ್ಡದ ಒಂದು ಬದಿ ಮಾತ್ರ ಬೆಳ್ಳಗಾಗಿತ್ತು. ಸುಹಾಸಿನಿ ತಂದ ನೀರು ಕುಡಿದು ಲೋಟ ಕೆಳಗಿಟ್ಟ. ವರ್ಷದ ಹಿಂದಿನ ಆ ಮುಚ್ಚಿದ ಬಾಗಿಲನ್ನು ಅವನು ಮರೆತಿದ್ದಾನೋ, ಮರೆತವನ ಹಾಗೆ ಇದ್ದಾನೋ, ರಘೋತ್ತಮನಿಗೆ ತಿಳಿಯಲಿಲ್ಲ.

ಪೆಟ್ಟಿಗೆಯ ಮುಂದೆ ಕಾಸೀಮಸಾಬ ಕುಕ್ಕರಗಾಲಿನಲ್ಲಿ ಕೂತ. ದೀಪ ನೋಡಿದ. ಫ್ರಿಜ್ಜಿನ ಬೆನ್ನಿಗೆ ಅಂಗೈ ಇಟ್ಟ. ಮತ್ತೆ ದೀಪ ನೋಡಿದ. ನಗತೊಡಗಿದ.

"ರಾಯರ, ನಿಮಗ ಸಿಟ್ಟ ಬರಬಾರದು. ಕೆಳಗ ಒಲಿ ಹಚ್ಚಿ, ಮ್ಯಾಲ ಬರ್ಫ್ ಇಟ್ಟಂಗ ಆಗೇತ್ರಿ ಇದು. ಈ ದೀಪ ನೀರು ಕಾಸೂದು, ಈ ಫ್ರಿಜ್ಜು ತಣಸೂದು. ಎರಡಕ್ಕೂ ಮೀಟರ ನಿಮ್ದು! ಇಬ್ರೂ ಕುಸ್ತಿ ಹಿಡದಾರ, ರೊಕ್ಕ ನೀವು ಕೊಡಾಕತ್ತೀರಿ."

ತಾಯಿ ನಕ್ಕಳು. ವರ್ಷದ ಮೇಲೆ ಆ ಪಡಸಾಲೆಯಲ್ಲಿ ಅವಳ ನಗು ಕೇಳಿ ರಘೋತ್ತಮನಿಗೆ ಒಂದು ಥರದ ನಾಚಿಕೆಯಾಯಿತು. ಇಷ್ಟು ಸರಳವೇ? ಆಫೀಸಿನಲ್ಲಿ ಹಡಗಿಗೆ ಹಡಗೇ ಲೆಕ್ಕ ಹಾಕುವವನಿಗೆ, ಮೂರು ಅಡಿ ನೀರಿನೊಳಗಿನ ಈ ಜಗಳ ಕಾಣಲಿಲ್ಲವೇ? ಕಂಡಿತ್ತು. ದೀಪ ತೆಗೆದರೆ ಬಿಂದು ಕಟ್ಟಿದ್ದನ್ನು ಬಿಚ್ಚಿದ ಹಾಗೆ ಎಂದು ಒಂದೊಂದೇ ಗುಂಡಿಯ ಜೊತೆ ಚೌಕಾಸಿ ಮಾಡುತ್ತ ಬಂದಿದ್ದ.

"ಮತ್ತ ನೀರು ಯಾಕ ಹಿಂಗ ಆಗೇತಿ?" ಕಾಸೀಮಸಾಬ ಅಂಗಿಯ ತೋಳು ಮಡಚಿ, ನೀರೊಳಗಿನ ಪಂಪುಗಳ ಪ್ಲಗ್ಗು ಕಿತ್ತು, ಕೈ ನೀರಿಗಿಳಿಸಿದ. ಕಲ್ಲಿನ ಹಿಂದೆ ತಡವಿದ. "ಇಲ್ಲೇನೋ ಮೆತ್ತಗ ಐತ್ರಿ." ಹೊರಗೆ ಬಂದ ಅಂಗೈಯಲ್ಲಿ ಉಬ್ಬಿ ನಾರುವ ಬಿಳಿ ಮುದ್ದೆ ಇತ್ತು. ಅವನು ಬೆರಳಿನಿಂದ ಬಿಡಿಸಿದ. ಅಗುಳು. ಹಳೆಯ ಅಗುಳು, ಹೊಸ ಅಗುಳು, ತುಪ್ಪದ ಜಿಡ್ಡು.

ರಘೋತ್ತಮ ಸುಹಾಸಿನಿಯ ಕಡೆ ನೋಡಿದ. ಸುಹಾಸಿನಿ ಅತ್ತೆಯ ಕಡೆ ನೋಡಿದಳು.

"ನಾನಽ ಹಾಕೇನಿ," ಎಂದಳು ತಾಯಿ. ತಪ್ಪು ಒಪ್ಪಿಕೊಳ್ಳುವ ದನಿಯಲ್ಲ, ಹೊಸಿಲಿಗೆ ರಂಗೋಲಿ ಹಾಕಿದ್ದು ನಾನೇ ಎನ್ನುವ ದನಿ. "ದಿನಾ ಉಣ್ಣೂಕಿಂತ ಮೊದಲ ಒಂದು ತುತ್ತು. ಹನ್ನೆರಡು ವರ್ಷ ಪಿಂಡ ಇಡಬ್ಯಾಡ್ರಿ ಅಂದ್ರು ಆಚಾರ್ಯರು. ಇಡ್ಲಿಲ್ಲ. ಸತ್ತವರಿಗೆ ಇಡಬ್ಯಾಡ ಅಂದ್ರ ಇದ್ದವರಿಗೆ ಇಡಬಹುದಲ್ಲಾ? ಹನ್ನೆರಡು ವರ್ಷ ನನ್ನ ಮಗಾ ಉಪಾಸ ಇರಬೇಕೇನು? ಸಮುದ್ರಕ್ಕ ದಿನಾ ಹೋಗೂದು ನನ್ನ ಕಡಿಂದ ಆಗೂದಿಲ್ಲ. ಇದೂ ಅದಽ ನೀರಲ್ಲಾ, ಅವನಽ ತಂದದ್ದು."

ಅವನ ತಲೆಯೊಳಗೆ ಕೆಂಪು ಗೆರೆ ಒಂದು ಸುತ್ತು ಬಂತು. ತುತ್ತು ಕೊಳೆತು ನೀರು ಕದಡುತ್ತಿತ್ತು, ಕದಡಿದ್ದಕ್ಕೆ ಅವನು ಪಂಪು ಓಡಿಸುತ್ತಿದ್ದ, ಪಂಪಿಗೆ ಮೀಟರು ಓಡುತ್ತಿತ್ತು. ಮೀನು ಕೊಂದದ್ದು ತನ್ನ ಜಿಪುಣತನವೇ ಎಂದು ಅವನು ಕಟ್ಟಿಕೊಂಡು ತಿರುಗಿದ ಆ ಕರವಸ್ತ್ರದ ಗಂಟು ತನ್ನದೊಬ್ಬನದೇ ಆಗಿರಲಿಲ್ಲ. ಹಗುರಾಗಬೇಕಿತ್ತು. ಆಗಲಿಲ್ಲ. ದಿನಾ ಮಧ್ಯಾಹ್ನ ಅವನು ಆಫೀಸಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಇಲ್ಲಿ ತಾಯಿ ಗಾಜಿನ ಮುಂದೆ ಬಗ್ಗಿ, ಇನ್ನೊಬ್ಬ ಮಗನಿಗೆ ಉಣ್ಣಿಸುತ್ತಿದ್ದಳು.

ಕಾಸೀಮಸಾಬ ಆ ಅನ್ನವನ್ನು ಕೆಳಗೆ ಹಾಕಲಿಲ್ಲ. ಕಾಗದ ಕೇಳಿ ಇಸಕೊಂಡು, ಅದರಲ್ಲಿ ಕಟ್ಟಿ, ತನ್ನ ಚೀಲದ ಬದಿಗೆ ಇಟ್ಟ. "ಅವ್ವಾರ, ನೀವು ಹಾಕಿದ್ದು ತಪ್ಪಲ್ರಿ. ಖರೇ ಇವು ಅನ್ನ ಉಣ್ಣೂದಿಲ್ರಿ. ಸಮುದ್ರ ದೊಡ್ಡದು, ಎಷ್ಟ ಹಾಕಿದ್ರೂ ತಡಕೊಂತೈತಿ. ಇದಕ್ಕ ತಾಕತ್ತಿಲ್ಲ. ಇನ್ನ ಹಾಕಬ್ಯಾಡ್ರಿ." ಸುಹಾಸಿನಿ ಒಳಗೆ ಹೋಗಿ ಚಪಾತಿ ಲಟ್ಟಿಸತೊಡಗಿದಳು. ಅವನು ಎದ್ದು ಸುತ್ತಲೂ ನೋಡಿ, ಪೂರ್ವದ ಕಿಟಕಿಯ ಮುಂದೆ ನಿಂತ. ಬೆಳಗಿನ ಬಿಸಿಲು ಚಾದರದ ಮೇಲೆ ಚೌಕಾಗಿ ಬಿದ್ದಿತ್ತು. "ಉಪಾಯ ಇಲ್ಲೇ ಐತ್ರಿ ರಾಯರ. ಪೆಟಗಿ ಈ ಕಿಟಕಿಗೆ ತಂದು ಇಟ್ರ ಬಿಸಲು ಫುಕಟ್. ದೀಪ ಬ್ಯಾಡ. ದೀಪ ಇಲ್ಲಂದ್ರ ಫ್ರಿಜ್ಜೂ ಬ್ಯಾಡ. ಇವು ಇಲ್ಲೀವಽ ಜೀವ, ಗೋವಾದ ಶೆಕಿ ಇವಕ್ಕ ಹೊಸಾದಲ್ಲ. ಒಂದು ಸಣ್ಣ ಗಾಳಿ ಪಂಪು, ಒಂದು ನೀರಿಂದು. ಬಿಲ್ಲು ಕಾಲ ಭಾಗಕ್ಕ ಇಳೀದಿದ್ರ ನನ್ನ ಅಂಗಡಿ ಮುಚ್ಚತೇನಿ." ಆಮೇಲೆ ಅವನ ದನಿ ತಗ್ಗಿತು. "ಆ ಹುಡುಗಗೂ ನಾ ಇದನ್ನಽ ಹೇಳಿದ್ನಿ. ಅವತ್ತು."

ಬಂತು. ರಘೋತ್ತಮ ಫ್ರಿಜ್ಜಿನ ಬೆನ್ನಿಗೆ ಕೈ ಊರಿದ.

"ಅವತ್ತಽ?" ತಾಯಿ ಹತ್ತಿರ ಬಂದಳು. "ಅವತ್ತು ಅವ ನಿನ್ನ ಜೋಡಿ ಮಾತಾಡಿದ್ನೇನಪ್ಪಾ? ಏನಂದ?"

ಒಳಗೆ ಲಟ್ಟಣಿಗೆ ನಿಂತಿತು.

"ಸೈಕಲ್ ಇಟ್ಟು ಒಂದು ಚಾ ಕುಡದ್ರಿ. ಚಾಚಾ, ಮನ್ಯಾಗ ಬಿಲ್ಲು ಭಾಳ ಆಗ್ಯದ, ಹೆಂಗ ಇಳಸೂದು ಅಂದ. ಕಿಟಕಿ ಇದ್ರ ಕಿಟಕಿಗೆ ಇಡು ಅಂದ್ನಿ. ಕಿಟಕಿಗೆ ನಾ ಮಲಗ್ತೀನಿ, ಮಳಿಗಾಲ ಮುಗೀಲಿ, ಮಂಚ ಹೊರಗ ಹಾಕತೇನಿ, ಅಲ್ಲೀತನಾ ನಾಕು ಕಲ್ಲು ತರ್ತೇನಿ ಅಂದ. ನಾ ಚಾಷ್ಟಿ ಮಾಡಿದ್ನಿ, ನಿಮ್ಮಣ್ಣ ಬೈದ್ರೇನೋ, ಮಾರಿ ಸಣ್ಣ ಆಗೇತಿ ಅಂತ. ಇಲ್ಲ ಚಾಚಾ ಅಂದ." ಕಾಸೀಮಸಾಬ ರಘೋತ್ತಮನ ಮುಖ ನೋಡಿದ. "ನಮ್ಮಣ್ಣ ಏನಂದ ಗೊತ್ತೇನು ಚಾಚಾ, ಬಿಲ್ಲು ಎಷ್ಟರ ಬರಲಿ, ಜೀವ ಇದ್ದದ್ದನ್ನ ಚೆಲ್ಲಬ್ಯಾಡ ಅಂದ. ಅಂಥಾ ಅಣ್ಣ ಇದ್ದಾಗ ನಾನಽ ಬಿಲ್ಲು ಇಳಸಬೇಕಲ್ಲಾ ಅಂದ್ರಿ. ಆ ಮಾತು ನಿಮಗ ಮುಟ್ಟಸಬೇಕಂತಽ ಸೈಕಲ್ ತಂದಾಗ ನಿಂತಿದ್ನಿ ರಾಯರ. ನೀವು ದುಃಖದಾಗ ಇದ್ರಿ."

ತಾಯಿ ಸೆರಗಿನಿಂದ ಕಣ್ಣೊರೆಸಿ, ರಘೋತ್ತಮನ ತಲೆಯ ಮೇಲೆ ಕೈಯಿಟ್ಟಳು. "ನೋಡು, ನಿನ್ನ ಬಗ್ಗೆ ಏನಂದು ಹೋಗ್ಯಾನ." ಆ ಕೈ ಹಗುರವಾಗಿತ್ತು. ಅದರ ಕೆಳಗೆ ಅವನ ಕುತ್ತಿಗೆ ಬಗ್ಗಿತು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಒಂದು ವರ್ಷ ಸುತ್ತುಬಸ್ಸಿನಲ್ಲಿ ನಿಂತು ನಿಂತು ಅದಕ್ಕೆ ಬೆನ್ನು ಗಟ್ಟಿ ಮಾಡಿಕೊಂಡಿದ್ದ. ಇದಕ್ಕೆ ಸಿದ್ಧನಿರಲಿಲ್ಲ. ಬಿಂದು ಯಾಕೆ ಹಾಗೆ ಹೇಳಿದ? ಹೊರಗಿನವರೆದುರು ಮನೆಯ ಮಾನ ಉಳಿಸಲಿಕ್ಕೆ? ಹೀಗೆ ಅನ್ನಬೇಕಿತ್ತು ನೀನು ಎಂದು ಕಲಿಸಲಿಕ್ಕೆ? ಅಥವಾ ಚಹಾದ ಲೋಟ ಹಿಡಿದು ಆ ಹೊತ್ತಿನ ಮಟ್ಟಿಗೆ ಅಂಥ ಅಣ್ಣನೊಬ್ಬನನ್ನು ತಾನೇ ಮಾಡಿಕೊಂಡನೇ? ಒಂದೊಂದು ಶಬ್ದವನ್ನೂ ತಿರುವಿ ಇಟ್ಟಿದ್ದ. ಚೆಲ್ಲು ಅಂದದ್ದನ್ನು ಚೆಲ್ಲಬ್ಯಾಡ ಮಾಡಿದ್ದ. ಆದರೆ ಕೊನೆಯ ಮಾತನ್ನು, ಅದರ ಹಿಂದ ನೀನೂ ಹೋಗು ಅಂದದ್ದನ್ನು, ತಿರುವದೆ ಹಾಗೆಯೇ ತೆಗೆದುಕೊಂಡು ಇಳಿದು ಹೋಗಿದ್ದ. ಅಡಿಗೆಮನೆಯಲ್ಲಿ ಲಟ್ಟಣಿಗೆ ಇನ್ನೂ ಸುರುವಾಗಿರಲಿಲ್ಲ.

"ಮಂಚ ಎತ್ತರಿ," ಎಂದಳು ತಾಯಿ. ಯಾರೂ ಅವಳನ್ನು ಕೇಳಿರಲಿಲ್ಲ. ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. "ಮಂಚ ಹೊರಗ ಹಾಕತೇನಿ ಅಂದಿದ್ನಲ್ಲಾ ಅವ. ಅವನ ಮಾತು ನಡೀಲಿ. ಬಂದ್ರ ನನ್ನ ಬಾಜೂಕ ಹಾಸ್ತೀನಿ." ತಾನೇ ಚಾದರ ತೆಗೆದು ಮಡಚಿದಳು, ಹಾಸಿಗೆ ಸುತ್ತಿದಳು. ಸುತ್ತಿದ ಹಾಸಿಗೆಯನ್ನು ಎದೆಗೆ ಒತ್ತಿಕೊಂಡು ಒಂದು ಕ್ಷಣ ನಿಂತಳು, ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ಸುಹಾಸಿನಿ ಹಿಟ್ಟಿನ ಕೈಯಲ್ಲೇ ಬಂದು ಅದನ್ನು ಇಸಕೊಂಡಳು.

ಆಮೇಲೆ ಎರಡು ತಾಸು ಬರೀ ಕೈಕೆಲಸ. ರಘೋತ್ತಮ, ಕಾಸೀಮಸಾಬ ಇಬ್ಬರೂ ಕೂಡಿ ಮಂಚ ಹೊರಗೆ ಹಾಕಿದರು. ಬಕೆಟ್ಟುಗಳಿಗೆ ನೀರು ಇಳಿಸಿದರು, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೀರಿನ ಟಬ್ಬಿನಲ್ಲಿ ಇಟ್ಟರು. ಗಾಳಿಯ ನಳಿಗೆ ಒಂದನ್ನು ಟಬ್ಬಿಗೆ ಬಿಟ್ಟಿದ್ದರು, ಅದು ಗುಳುಗುಳು ಅನ್ನುತ್ತಲೇ ಇತ್ತು. ಕಾಸೀಮಸಾಬನ ಮಾತೂ ಅದರ ಜೊತೆ ನಡೆದೇ ಇತ್ತು: ಮಗಳು ರಜಿಯಾಳ ಮದುವೆ, ಉಸಗಾಂವದ ಅದಿರಿನ ಖಾಣಿಯಲ್ಲಿ ಅಳಿಯನ ಲಾರಿ, ಲಾರಿಗಿಂತ ಅಳಿಯನ ಹಾರ್ನ್ ಜೋರು. ಮಂಚವಿದ್ದ ಜಾಗದ ನೆಲ ಸುತ್ತಲಿನದಕ್ಕಿಂತ ಬೇರೆ ಬಣ್ಣವಾಗಿತ್ತು. ನಾಲ್ಕು ಕಾಲಿನ ಗುರುತು, ನಡುವೆ ಕೆಂಪು ಧೂಳು ಕಾಣದ ಉದ್ದನೆಯ ತುಂಡು, ಒಬ್ಬ ಮನುಷ್ಯನಷ್ಟು. ಅದರ ಮೇಲೆ ಕಬ್ಬಿಣದ ಕಾಲು ಬಂದು ಕೂತವು. ಗಾಜು ಬಂತು. ಕಲ್ಲು, ಹವಳ, ಕಲ್ಲಿಗಂಟಿದ ಆ ಹೂವು, ಏಡಿ, ಮೂರು ಮೀನು, ಹೋದ ಅಮಾವಾಸ್ಯೆಯ ಭರತದ ಹೊತ್ತಿಗೆ ಸಮುದ್ರದಿಂದ ಕ್ಯಾನಿನಲ್ಲಿ ತಂದಿಟ್ಟಿದ್ದ ತಿಳಿನೀರು. ಹೂವು ಮುಷ್ಟಿ ಕಟ್ಟಿಕೊಂಡೇ ಇತ್ತು.

ಕಾಸೀಮಸಾಬ ಕೈ ಒರೆಸಿಕೊಂಡ. "ಈಗ ಒಂದು ಪರೀಕ್ಷಾ ಐತ್ರಿ. ವೈರಿಗೆ ಉಪ್ಪುನೀರು ಬಡದಿದ್ರ ಕರೆಂಟು ಗೋಡ್ಯಾಗ ಸೋರಿ ಹೋಗಾಕತ್ತಿರತೈತಿ. ಮೇನ್ ಇರ್ಲಿ, ಮನಿ ಎಲ್ಲಾ ಗುಂಡಿ ಬಂದ್ ಮಾಡ್ರಿ, ಇವನ್ನೂ ಐದು ನಿಮಿಷ. ನಾ ಹೊರಗ ಮೀಟರ ನೋಡತೇನಿ. ನಿಂತ್ರ ನೀವು ಗೆದ್ರಿ." ಅವನು ವರಾಂಡಕ್ಕೆ ಹೋದ. ರಘೋತ್ತಮ ಒಂದೊಂದೇ ಗುಂಡಿ ಒತ್ತುತ್ತ ಬಂದ. ಫ್ಯಾನು. ಅಡಿಗೆಮನೆಯ ದೀಪ. ದೇವರ ಮುಂದಿನ ಸಣ್ಣ ಬಲ್ಬು. ಕೊನೆಗೆ ಗಾಳಿಯ ಪಂಪು.

ಆ ದನಿಯ ಕೊನೆಯ ಎಳೆಯೂ ನಿಂತಿತು. ವರ್ಷದಿಂದ ಹಗಲೂ ರಾತ್ರಿ ಮನೆಯೊಳಗೆ ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದದ್ದು ಅರ್ಧಕ್ಕೆ ನಿಂತಿತು. ಮನೆ ಒಂದು ಅಳತೆ ದೊಡ್ಡದಾದ ಹಾಗೆ, ಗೋಡೆಗಳು ಹಿಂದಕ್ಕೆ ಸರಿದ ಹಾಗೆ. ತಾಯಿ ಊಟಕ್ಕೆ ಕೂತಿದ್ದಳು, ನೈವೇದ್ಯವಾಗಿತ್ತು, ಎಲೆಯ ಮೇಲೆ ಅನ್ನ ತುಪ್ಪ. ಆ ಮೌನದಲ್ಲಿ ರಘೋತ್ತಮನಿಗೆ ತನ್ನ ದನಿಯೇ ಪರಕೀಯವಾಗಿ ಕೇಳಿತು.

"ಅವ್ವಾ, ನಾ ಅವಗ ಹಂಗ ಅಂದಿದ್ದಿಲ್ಲ."

ಅವಳು ನೋಡಿದಳು.

"ಸಮುದ್ರಕ್ಕ ಚೆಲ್ಲು ಅಂದಿದ್ದೆ. ಅದರ ಹಿಂದ ನೀನೂ ಹೋಗು ಅಂದಿದ್ದೆ. ಸುಹಾಸಿನಿ ಕೇಳ್ಯಾಳ." ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಹಾಸಿನಿ ಚೌಕಟ್ಟಿಗೆ ಹಣೆ ಆನಿಸಿದಳು.

ತಾಯಿ ಎಲೆಯ ಕಡೆಗೆ ಕಣ್ಣು ತಿರುಗಿಸಿದಳು. ಕೈ ತಾನಾಗಿಯೇ ರೂಢಿಯ ಕೆಲಸ ಮಾಡುತ್ತಿತ್ತು. ಅನ್ನದ ಒಂದು ಬದಿ ಬಿಡಿಸಿತು, ತುಪ್ಪ ಕಲಸಿತು, ಉಂಡೆ ಕಟ್ಟಿತು. ಅವಳು ಎದ್ದಳು. ತುತ್ತು ಹಿಡಿದು ಬೆಳಕಿಲ್ಲದ ಹಳೆಯ ಮೂಲೆಗೆ ನಾಲ್ಕು ಹೆಜ್ಜೆ ನಡೆದಳು. ಅಲ್ಲಿ ಬರೀ ಗೋಡೆ. ತಿರುಗಿ ಕಿಟಕಿಗೆ ಬಂದಳು. ಗಾಜಿನ ಮುಂದೆ ನಿಂತು ಕೈ ಎತ್ತಿದಳು, ನೀರಿನ ಮೇಲೆ ಹಿಡಿದಳು. ಬೆರಳ ತುದಿ ನೀರಿಗೆ ತಾಗಿದವು. ತಾಗಿ ಮೇಲೆ ಬಂದವು.

"ಇದರಾಗ ಹಾಕಬ್ಯಾಡ ಅಂದ್ನಲ್ಲಾ ಕಾಸೀಮಸಾಬ್," ಎಂದಳು, ಯಾರಿಗೋ. "ಮತ್ತ ಇದನ್ನ ಎಲ್ಲಿಡ್ಲಿ?"

ರಘೋತ್ತಮ ಅಂಗೈ ಚಾಚಿದ. ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ, ಇದ್ದವನ ಊಟವೋ, ಹೋದವನ ಪಿಂಡವೋ. ಪಿಂಡವಾದರೆ ಬದುಕಿದವರು ಬಾಯಿಗೆ ಹಾಕಿಕೊಳ್ಳುವಂಥದ್ದಲ್ಲ ಎಂಬುದು ಗೊತ್ತಿತ್ತು. ತಾಯಿ ಆ ಅಂಗೈಯನ್ನು ನೋಡಿದಳು. ಹಿಂದೆಂದೂ ಕಾಣದವರ ಕೈ ನೋಡುವ ಹಾಗೆ 'ಇದು ಯಾರದು' ಎಂದು ನೋಡಿದಳು. ಆಮೇಲೆ ಅವನ ಕೈ ಸರಿಸಿ, ತುತ್ತನ್ನು ಅವನ ಬಾಯಿಗೇ ಇಟ್ಟಳು.

"ಚೆಲ್ಲಬ್ಯಾಡ," ಎಂದಳು.

ತುಪ್ಪದ ಅನ್ನ ಉಪ್ಪಾಗಿತ್ತು. ಅವನು ಅದನ್ನು ಅಗಿಯಲಾರದೆ, ನುಂಗಲಾರದೆ, ಕಿಟಕಿಯ ಸರಳು ಹಿಡಿದು ನಿಂತ. ಗಾಜಿನೊಳಗೆ ಏನೂ ಅಲುಗುತ್ತಿರಲಿಲ್ಲ.

"ರಾಯರ, ಮೀಟರ ನಿಂತೈತ್ರಿ!" ವರಾಂಡದಿಂದ ಕಾಸೀಮಸಾಬ ಹಿಗ್ಗಿನಿಂದ ಕೂಗಿದ. "ಕೆಂಪು ಗೆರಿ ನನ್ನ ಮಾರಿ ಮುಂದಽ ಬಂದು ನಿಂತೈತಿ. ಅಲುಗವಲ್ದು. ಏನ್ರಿ, ಕೇಳಾಕತ್ತೇತಿಲ್ಲೋ? ಓ ರಾಯರ!"

ರಘೋತ್ತಮನ ಬಾಯಿ ತುಂಬಿತ್ತು.